ಹೊರಗೆ ತಗ್ಗಿತು, ಒಳಗೆ ತಗ್ಗಲಿಲ್ಲ: ಆಫ್ಟರ್‌ಮಾರ್ಕೆಟ್ ಸೈಲೆನ್ಸರ್ ಸದ್ದಿನ ಒಂದು ಪ್ರಕರಣ

ಹಿನ್ನೆಲೆ

ಕಾರು ನಾಲ್ಕು ಸಿಲಿಂಡರಿನ 1.6 ಲೀಟರ್ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಐದು ಗೇರು. ಮಾಲೀಕರು, ಗ್ಯಾರೇಜು, ಕಾರಿನ ಕಂಪನಿ, ಸೈಲೆನ್ಸರ್ ತಯಾರಿಸಿದವರು ಯಾರ ಹೆಸರೂ ಇಲ್ಲಿ ಬೇಡ. ಪ್ರಕರಣ ಅರ್ಥವಾಗಲು ಅಳತೆಗಳು ಸಾಕು.

ಕಂಪನಿ ಕೊಟ್ಟಿದ್ದ ವ್ಯವಸ್ಥೆಯಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆಯ ವಿಷಾನಿಲ ತಗ್ಗಿಸುವ ಡಬ್ಬಿ) ದಾಟಿದ ಮೇಲೆ 48 ಮಿ.ಮೀ. ಪೈಪು, ನಡುವೆ ಒಂದು ಚಿಕ್ಕ ಸೈಲೆನ್ಸರ್, ಹಿಂದಿನ ಬಂಪರಿನ ಕೆಳಗೆ ಕೋಣೆಗಳಿರುವ ದೊಡ್ಡ ಸೈಲೆನ್ಸರ್ ಇದ್ದವು. ಇವನ್ನೆಲ್ಲ ಕಳಚಿ ಆಫ್ಟರ್‌ಮಾರ್ಕೆಟ್, ಅಂದರೆ ಕಂಪನಿಯದಲ್ಲದ ಸಾಮಾನು ಬಳಸಿ, 60 ಮಿ.ಮೀ. ಸ್ಟೇನ್‌ಲೆಸ್ ಪೈಪು (304 ದರ್ಜೆ, ಗೋಡೆಯ ದಪ್ಪ 1.5 ಮಿ.ಮೀ.) ಹಾಕಿ, ಹಿಂದೆ 300 ಮಿ.ಮೀ. ಉದ್ದದ ನೇರ ಸೈಲೆನ್ಸರ್ ಒಂದನ್ನು ಕೂರಿಸಲಾಗಿತ್ತು. ನೇರ ಸೈಲೆನ್ಸರ್ ಎಂದರೆ ಒಳಗೆ ತೂತು ಕೊರೆದ ಪೈಪು, ಅದರ ಸುತ್ತ ಗ್ಲಾಸ್ ವುಲ್, ಹೊರಗೆ ಡಬ್ಬಿ, ಇಷ್ಟೇ. ನಡುವಿನ ಸೈಲೆನ್ಸರ್ ಇಲ್ಲವೇ ಇಲ್ಲ. ಕನ್ವರ್ಟರ್ ಮಾತ್ರ ಮುಟ್ಟಿರಲಿಲ್ಲ, ಅದೊಂದು ಪುಣ್ಯ. ಪೈಪು ಅಲ್ಲಾಡಬಾರದೆಂದು ಅದನ್ನು ಕಾರಿನಡಿ ತೂಗುಹಾಕುವ ರಬ್ಬರ್ ಹ್ಯಾಂಗರ್‌ಗಳನ್ನೂ ತೆಗೆದು ಗಟ್ಟಿ ಪಾಲಿಯುರೆಥೇನ್ ಹ್ಯಾಂಗರ್ ಹಾಕಿದ್ದರು. ಹಳೇ ಸೈಲೆನ್ಸರ್ ಗುಜರಿಗೆ ಹೋಗಿತ್ತು.

ದೂರು

ದೂರು ಇದ್ದದ್ದು ಎರಡು. ಬೆಳಗ್ಗೆ ಸ್ಟಾರ್ಟ್ ಮಾಡಿದರೆ ಅಕ್ಕಪಕ್ಕದವರ ನಿದ್ದೆ ಹಾಳು. ಹೆದ್ದಾರಿಯಲ್ಲಿ ಐದನೇ ಗೇರಿನಲ್ಲಿ ಗಂಟೆಗೆ 85 ಕಿ.ಮೀ. ಆಸುಪಾಸಿನಲ್ಲಿ, ಅಂದರೆ 2200ರಿಂದ 2600 ಆರ್‌ಪಿಎಂ ನಡುವೆ, ಒಳಗೆ ಕೂತವರ ಕಿವಿಯನ್ನು ಒತ್ತುವಂಥ ಮೊರೆತ. ಹಿಂದಿನ ಸೀಟಿನವರಿಗಂತೂ ತಲೆಭಾರ. ಆದರೆ ಗ್ಯಾರೇಜಿಗೆ ಬಂದಾಗ ಎರಡೂ ಸೇರಿ ಒಂದೇ ಮಾತಾದವು: "ಸೌಂಡ್ ಜಾಸ್ತಿ ಸಾರ್, ಕಮ್ಮಿ ಮಾಡ್ಕೊಡಿ." ಮುಂದೆ ನಡೆದ ಎಡವಟ್ಟಿನಲ್ಲಿ ಅರ್ಧ ಈ ಮಾತಿನಿಂದಲೇ ಹುಟ್ಟಿತು. ಯಾವ ಸದ್ದು, ಯಾವ ಆರ್‌ಪಿಎಂನಲ್ಲಿ, ಯಾರ ಕಿವಿಗೆ ಎಂದು ಯಾರೂ ಕೇಳಲಿಲ್ಲ.

ಮೊದಲ ಪ್ರಯತ್ನಗಳು

ಮೊದಲು ಪೈಪಿನ ಬಾಯಿಗೆ ಡಿಬಿ ಕಿಲ್ಲರ್ (ಬಾಯಿ ಕಿರಿದಾಗಿಸಿ ಸದ್ದು ತಗ್ಗಿಸುವ ತುಂಡು) ತುರುಕಿದರು. 60 ಮಿ.ಮೀ. ಬಾಯಿ 38 ಮಿ.ಮೀ.ಗೆ ಇಳಿಯಿತು. ಲೆಕ್ಕ ಹಾಕಿದರೆ ಹೊಗೆ ಹೋಗುವ ಜಾಗ ಅರ್ಧಕ್ಕಿಂತ ಕಡಿಮೆ, ಸುಮಾರು ಶೇ. 40 ಮಾತ್ರ ಉಳಿಯಿತು. ಐಡ್ಲಿಂಗ್‌ನಲ್ಲಿ ಸದ್ದು ತಗ್ಗಿತು. ಆದರೆ 4000 ಆರ್‌ಪಿಎಂ ದಾಟಿದರೆ ಗಾಡಿ ಕಟ್ಟಿಹಾಕಿದ ಹಾಗೆ, ಜೊತೆಗೆ ಅಂಚಿನಿಂದ ಬುಸ್ಸೆನ್ನುವ ಹೊಸ ಸದ್ದು. ಹೆದ್ದಾರಿಯ ಮೊರೆತ ಕೂದಲೆಳೆಯಷ್ಟೂ ಬದಲಾಗಲಿಲ್ಲ. ಮಾರನೇ ವಾರವೇ ತೆಗೆಸಿದರು. ತೆಗೆದದ್ದೇ ಒಳ್ಳೆಯದಾಯಿತು. ಇದನ್ನು ಹಿಡಿದಿಡುವುದು ಒಂದೇ ಒಂದು ಸ್ಕ್ರೂ. ಶಾಖಕ್ಕೆ ಅದು ಸಡಿಲವಾದರೆ ತುಂಡು ಹಿಂದಿನ ಗಾಡಿಯ ಗಾಜಿಗೇ ಹೋಗಿ ಬಡಿಯುತ್ತದೆ.

ಆಮೇಲೆ 300 ಮಿ.ಮೀ. ಸೈಲೆನ್ಸರ್ ಬಿಚ್ಚಿ ಒಳಗೆ ನೋಡಿದರು. ನೋಡಲೇಬೇಕಾದದ್ದು ಅದು. ಎಂಜಿನ್ ಕಡೆಯ ಮೂರನೇ ಒಂದು ಭಾಗದಲ್ಲಿ ಗ್ಲಾಸ್ ವುಲ್ ಇರಲೇ ಇಲ್ಲ, ತೂತುಗಳ ಮೂಲಕ ಎಳೆ ಎಳೆಯಾಗಿ ಹಾರಿಹೋಗಿತ್ತು. ಉಳಿದದ್ದು ಮಸಿ ಮೆತ್ತಿಕೊಂಡು ಡಬ್ಬಿಯ ತಳದಲ್ಲಿ ಹಪ್ಪಳದಂತೆ ಗಟ್ಟಿಯಾಗಿತ್ತು. ಅಂದರೆ ಅದು ಸೈಲೆನ್ಸರ್ ಆಗಿ ಉಳಿದಿರಲಿಲ್ಲ, ದಪ್ಪ ಪೈಪಾಗಿತ್ತು ಅಷ್ಟೇ. ಅದರ ಜಾಗಕ್ಕೆ ಅದೇ ಮಾದರಿಯ, 450 ಮಿ.ಮೀ. ಉದ್ದ, 130 ಮಿ.ಮೀ. ವ್ಯಾಸದ ಹೊಸದು ಬಂತು. ತುಂಬಿದ ಕ್ರಮ ಸರಿಯಾಗಿತ್ತು. ತೂತಿನ ಪೈಪಿಗೆ ಮೊದಲು ಸ್ಟೇನ್‌ಲೆಸ್ ಉಣ್ಣೆಯ ಒಂದು ಸುತ್ತು, ಅದರ ಮೇಲೆ ಉದ್ದ ಎಳೆಯ ಗ್ಲಾಸ್ ಫೈಬರ್. ಡಬ್ಬಿಯ ಒಳಜಾಗ ಸುಮಾರು 4.6 ಲೀಟರ್. ಲೀಟರಿಗೆ 120 ಗ್ರಾಂ ಲೆಕ್ಕದಲ್ಲಿ 550 ಗ್ರಾಂ ಹಿಡಿಸಿದರು. ಇನ್ನೂ ತುರುಕಿದರೆ ಸದ್ದು ಇನ್ನೂ ತಗ್ಗುತ್ತದೆ ಎಂಬುದು ತಪ್ಪು ತಿಳುವಳಿಕೆ. ಎಳೆಗಳ ನಡುವೆ ಗಾಳಿ ಆಡಿದರೆ ಮಾತ್ರ ಸದ್ದಿನ ಶಕ್ತಿ ಶಾಖವಾಗಿ ಕರಗುತ್ತದೆ. ಕಲ್ಲಿನಂತೆ ಒತ್ತಿ ತುಂಬಿದರೆ ಅಲೆ ಒಳಗೆ ಹೋಗದೆ ವಾಪಸ್ ಬರುತ್ತದೆ.

ಅಳತೆಯನ್ನೂ ಮಾಡಿದರು, ನಿಂತ ವಾಹನದ ಸದ್ದು ಅಳೆಯುವ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 5130 ಹೇಳುವಂತೆಯೇ: ಮೈಕು ಪೈಪಿನ ಬಾಯಿಯಿಂದ ಅರ್ಧ ಮೀಟರ್ ದೂರದಲ್ಲಿ, ಬಾಯಿಯ ಎತ್ತರದಲ್ಲೇ (ನೆಲದಿಂದ 20 ಸೆಂ.ಮೀ.ಗಿಂತ ಕೆಳಗೆ ಹೋಗದಂತೆ), 45 ಡಿಗ್ರಿ ಕೋನದಲ್ಲಿ. ಈ ಎಂಜಿನ್ ಗರಿಷ್ಠ ಶಕ್ತಿ ಕೊಡುವುದು 6000 ಆರ್‌ಪಿಎಂನಲ್ಲಿ. ಅಂಥ ಕಾರುಗಳಿಗೆ ಪರೀಕ್ಷೆ 3750 ಆರ್‌ಪಿಎಂನಲ್ಲಿ. ಅಲ್ಲಿ ಒಂದು ಕ್ಷಣ ಸ್ಥಿರವಾಗಿ ಹಿಡಿದು ಆಕ್ಸಿಲರೇಟರ್ ಬಿಟ್ಟಾಗ ಮೀಟರ್ ತೋರಿಸುವ ಅತಿ ಹೆಚ್ಚಿನ ಅಂಕೆ ಬರೆದುಕೊಳ್ಳಬೇಕು. ಮೊದಲು 97 ಡಿಬಿ-ಎ (ಕಿವಿಗೆ ಕೇಳುವಂತೆ ತೂಗಿದ ಡೆಸಿಬೆಲ್) ಇದ್ದದ್ದು 91ಕ್ಕೆ ಇಳಿಯಿತು. ಆರು ಡೆಸಿಬೆಲ್ ಸಣ್ಣ ಇಳಿಕೆಯಲ್ಲ. ಮೂರು ಡೆಸಿಬೆಲ್‌ಗೆ ಸದ್ದಿನ ಶಕ್ತಿ ಅರ್ಧವಾಗುತ್ತದೆ, ಆರಕ್ಕೆ ಕಾಲು ಭಾಗ. ಕೆಲಸ ಮುಗಿಯಿತು ಎಂದು ಗಾಡಿ ಕೊಟ್ಟು ಕಳಿಸಿದರು.

ಎರಡೇ ದಿನದಲ್ಲಿ ಮಾಲೀಕರು ವಾಪಸ್. "ಹೊರಗೆ ಕಮ್ಮಿಯಾಗಿದೆ, ಒಪ್ತೀನಿ. ಒಳಗೆ ಇನ್ನೂ ಜಾಸ್ತಿ ಆದಂಗಿದೆ ಸಾರ್." ಗ್ಯಾರೇಜಿನವರು ಮೊದಲು ಇದನ್ನು ನಂಬಲಿಲ್ಲ. ಮೀಟರಿನ ಅಂಕೆ ಕೈಯಲ್ಲಿತ್ತಲ್ಲ!

ಪ್ರಕರಣ ತಿರುಗಿದ್ದು ಇಲ್ಲಿ

ಮಾಲೀಕರ ಮಾತೂ ಸುಳ್ಳಲ್ಲ, ಮೀಟರೂ ಸುಳ್ಳಲ್ಲ. ನಾಲ್ಕು ಸ್ಟ್ರೋಕಿನ, ನಾಲ್ಕು ಸಿಲಿಂಡರಿನ ಎಂಜಿನ್ ಒಂದು ಸುತ್ತಿಗೆ ಎರಡು ಸಲ ಉರಿಯುತ್ತದೆ. 2400 ಆರ್‌ಪಿಎಂ ಎಂದರೆ ಸೆಕೆಂಡಿಗೆ 40 ಸುತ್ತು, 80 ಉರಿ. ಹೀಗಾಗಿ ಆ ವೇಗದಲ್ಲಿ ಮೊರೆತದ ಆವರ್ತನ 80 ಹರ್ಟ್ಸ್. ಡಿಬಿ-ಎ ಎಂಬ ಅಳತೆ ಕಿವಿಯ ಸೂಕ್ಷ್ಮತೆಗೆ ತಕ್ಕಂತೆ ಕೆಳಗಿನ ಸ್ವರಗಳನ್ನು ಕತ್ತರಿಸಿ ತೋರಿಸುತ್ತದೆ. 80 ಹರ್ಟ್ಸ್‌ನಲ್ಲಿ ಅದು ಕತ್ತರಿಸುವುದು 22.5 ಡೆಸಿಬೆಲ್. ಅದೇ ಜಾಗದಲ್ಲಿ ಡಿಬಿ-ಸಿ ಎಂಬ ಇನ್ನೊಂದು ಅಳತೆ ಕತ್ತರಿಸುವುದು ಅರ್ಧ ಡೆಸಿಬೆಲ್ ಮಾತ್ರ. ಮೊರೆತವನ್ನು ಡಿಬಿ-ಎ ಯಲ್ಲಿ ಅಳೆದರೆ ಅದು ಲೆಕ್ಕಕ್ಕೇ ಬಾರದಂತಾಗುತ್ತದೆ. ಗ್ಲಾಸ್ ವುಲ್‌ನ ಸ್ವಭಾವವೂ ಹೀಗೆಯೇ. 500 ಹರ್ಟ್ಸ್‌ಗಿಂತ ಮೇಲಿನ ಸೀಳು ಸದ್ದನ್ನು ಚೆನ್ನಾಗಿ ಹೀರುತ್ತದೆ, 80ರ ಅಲೆಗೆ ಅದು ಇದ್ದೂ ಇಲ್ಲದಂತೆ. ಸೈಲೆನ್ಸರ್ ಬದಲಿಸಿದ ಮೇಲೆ ಸೀಳು ಸದ್ದು ಹೋಯಿತು, ಅದರ ಮರೆಯಲ್ಲಿದ್ದ ಮೊರೆತ ಬೆತ್ತಲಾಗಿ ಕೇಳಿಸತೊಡಗಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಗಿತ್ತು.

ಈ ಸಲ ಕಾರಿನೊಳಗೆ ಕೂತು ಪರೀಕ್ಷೆ ಶುರುವಾಯಿತು. ಮೊದಲ ಅನುಮಾನ ಟೈರು, ಬೇರಿಂಗು. ಅದೇ 85ರ ವೇಗದಲ್ಲಿ ನಾಲ್ಕನೇ ಗೇರಿಗೆ ಹಾಕಿದಾಗ ಆರ್‌ಪಿಎಂ 3000ದ ಹತ್ತಿರ ಹೋಗಿ ಮೊರೆತ ನಿಂತಿತು. ಚಕ್ರದ ವೇಗ ಅದೇ, ಸದ್ದು ಇಲ್ಲ. ಟೈರು, ಬೇರಿಂಗು ಎರಡೂ ಪಟ್ಟಿಯಿಂದ ಹೊರಗೆ. ನಂತರ ಫೋನಿನ ಸ್ಪೆಕ್ಟ್ರಮ್ ಆ್ಯಪ್. ಫೋನಿನ ಮೈಕು ಕೆಳ ಸ್ವರಗಳ ಮಟ್ಟವನ್ನು ಸರಿಯಾಗಿ ಹೇಳುವುದಿಲ್ಲ, ಆದರೆ ಶಿಖರ ಎಲ್ಲಿದೆ ಎಂಬುದನ್ನು ಸರಿಯಾಗಿಯೇ ತೋರಿಸುತ್ತದೆ. 79 ಮತ್ತು 81ರ ನಡುವೆ ಕಡ್ಡಿ ನಿಲ್ಲಿಸಿದಂಥ ಒಂದೇ ಶಿಖರ.

ಇಡೀ ಪ್ರಕರಣದಲ್ಲಿ ಹೆಚ್ಚು ಕಲಿಸಿದ ಪರೀಕ್ಷೆಗೆ ಉಪಕರಣವೇ ಬೇಕಿರಲಿಲ್ಲ. ಚಾಲಕರು 2400ರಲ್ಲಿ ಸ್ಥಿರವಾಗಿ ಓಡಿಸುತ್ತಿದ್ದಾಗ ಹಿಂದಿನ ಸೀಟಿನ ಮೆಕ್ಯಾನಿಕ್ ಬೆನ್ನು ಒರಗಿಸಿ ಕೂತು, ಬೆಲ್ಟು ಬಿಟ್ಟುಕೊಡುವಷ್ಟು ನಿಧಾನವಾಗಿ ಮುಂದಕ್ಕೆ ಬಾಗುತ್ತ ಬಂದರು. ತಲೆ ಮುಂದಿನ ಸೀಟುಗಳ ಬೆನ್ನಿನ ಸಮಕ್ಕೆ ಬಂದಾಗ ಮೊರೆತ ಬಹುತೇಕ ಮಾಯ. ಮತ್ತೆ ಹಿಂದಕ್ಕೆ ಒರಗಿದರೆ ಮತ್ತೆ ಹಾಜರು. ಕಿಟಕಿಯನ್ನು ಎರಡು ಬೆರಳಗಲ ಇಳಿಸಿದಾಗಲೂ ಸದ್ದಿನ ಬಣ್ಣ ಬದಲಾಯಿತು. ಕಾರಿನ ಒಳಜಾಗವೇ ಅನುರಣಿಸುತ್ತಿದೆ, ಅಂದರೆ ತನ್ನ ಉದ್ದಕ್ಕೆ ಹೊಂದುವ ಸ್ವರವನ್ನು ಹಿಗ್ಗಿಸುತ್ತಿದೆ, ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಗುರುತು ಬೇಡ. ಡ್ಯಾಶ್‌ಬೋರ್ಡಿನಿಂದ ಡಿಕ್ಕಿ ಬಾಗಿಲವರೆಗಿನ ಪರಿಣಾಮಕಾರಿ ಉದ್ದ ಸುಮಾರು 2.15 ಮೀಟರ್. ಅರ್ಧ ಅಲೆ ಅಷ್ಟರಲ್ಲಿ ಕೂರುವ ಆವರ್ತನ 80 ಹರ್ಟ್ಸ್‌ನ ಹತ್ತಿರ. ಎರಡು ತುದಿಯಲ್ಲಿ ಒತ್ತಡ ಹೆಚ್ಚು, ನಡುವೆ ಕಡಿಮೆ.

ಪೈಪಿನದೂ ಅದೇ ಕಥೆ. ಕನ್ವರ್ಟರಿನಿಂದ ಬಾಯಿವರೆಗೆ 2.8 ಮೀಟರ್. ನೇರ ಸೈಲೆನ್ಸರ್ ಕೆಳ ಸ್ವರಕ್ಕೆ ತಡೆಯೇ ಅಲ್ಲದ್ದರಿಂದ ಅಷ್ಟೂ ಉದ್ದ ಒಂದೇ ಕೊಳಲಿನ ಹಾಗೆ ಕೆಲಸ ಮಾಡುತ್ತದೆ. ಬಿಸಿ ಹೊಗೆಯಲ್ಲಿ ಸದ್ದಿನ ವೇಗ ಸೆಕೆಂಡಿಗೆ 450 ಮೀಟರ್ ಎಂದುಕೊಂಡರೆ ಅದರ ಸ್ವಂತ ಸ್ವರವೂ 80. ಎಂಜಿನ್ನಿನ ಉರಿ, ಪೈಪಿನ ಉದ್ದ, ಒಳಜಾಗದ ಉದ್ದ ಮೂರೂ ಒಂದೇ ಕಡೆ ಬಂದು ಕೂತಿದ್ದವು. ಕಂಪನಿಯವರು ಕೋಣೆಗಳ ಸೈಲೆನ್ಸರ್, ನಡು ಸೈಲೆನ್ಸರ್ ಇಟ್ಟದ್ದು ಇಂಥ ಕೂಡಾವಳಿಯನ್ನು ಮುರಿಯಲಿಕ್ಕೇ.

ಒಳಗಿನ ಅಳತೆ, ಹಿಂದಿನ ಸೀಟಿನಲ್ಲಿ ಕಿವಿಯ ಎತ್ತರದಲ್ಲಿ: ಹೊಸ ಸೈಲೆನ್ಸರ್ ಹಾಕಿದ ಮೇಲೂ 99 ಡಿಬಿ-ಸಿ, 76 ಡಿಬಿ-ಎ. ಎರಡರ ನಡುವೆ 20ಕ್ಕಿಂತ ಹೆಚ್ಚಿನ ಅಂತರ ಕಂಡರೆ ತೊಂದರೆ ಕೆಳ ಸ್ವರದ್ದು ಎಂದು ಅಲ್ಲೇ ಹೇಳಿಬಿಡಬಹುದು.

ಸೋರಿಕೆ ಮತ್ತು ತಾಗುವಿಕೆ

ಅನುರಣನ ಗೊತ್ತಾಯಿತೆಂದು ನೇರವಾಗಿ ಅದಕ್ಕೆ ಕೈ ಹಾಕಲಿಲ್ಲ. ಸೋರಿಕೆ, ಪೈಪು ಕಾರಿನ ಮೈಗೆ ತಾಗುವಿಕೆ ಇರುವಾಗ ಮಾಡಿದ ಯಾವ ಅಳತೆಯನ್ನೂ ನಂಬುವ ಹಾಗಿಲ್ಲ.

ಎಂಜಿನ್ ತಣ್ಣಗಿರುವಾಗ ಬ್ಲೋವರ್‌ನಿಂದ ಪೈಪಿನ ಬಾಯಿಗೆ ಗಾಳಿ ಕೊಟ್ಟು ಜಾಯಿಂಟುಗಳಿಗೆಲ್ಲ ಸೋಪಿನ ನೀರು ಹಚ್ಚಿದರು. ಕನ್ವರ್ಟರಿನ ಹಿಂದಿನ ಫ್ಲೇಂಜಿನಲ್ಲಿ (ಪೈಪುಗಳನ್ನು ಬೋಲ್ಟಿನಿಂದ ಜೋಡಿಸುವ ಚಪ್ಪಟೆ ಬಳೆ) ನೊರೆ ಉಕ್ಕಿತು. ಬಿಚ್ಚಿದರೆ ಗ್ಯಾಸ್ಕೆಟ್ ಜೊತೆಗೆ ಕೆಂಪು ಸಿಲಿಕಾನ್ ಪೇಸ್ಟ್ ಬಳಿದಿದ್ದರು, ಅದು ಸುಟ್ಟು ಪುಡಿಯಾಗಿತ್ತು. ಫ್ಲೇಂಜಿನ ಮುಖಕ್ಕೆ ಉಕ್ಕಿನ ಪಟ್ಟಿ ಅಡ್ಡ ಇಟ್ಟು ಫೀಲರ್ ಗೇಜ್ ತೂರಿಸಿದಾಗ 0.6 ಮಿ.ಮೀ. ಸಂದು. ವೆಲ್ಡಿಂಗ್ ಶಾಖಕ್ಕೆ ಬಾಗಿದ ಫ್ಲೇಂಜ್ ಅದು. ಮುಖವನ್ನು ಸಮ ಮಾಡಿಸಿ, ಪೇಸ್ಟ್ ಇಲ್ಲದೆ ಲೋಹದ ಪದರಗಳ ಹೊಸ ಗ್ಯಾಸ್ಕೆಟ್ ಹಾಕಿ, ಬೋಲ್ಟುಗಳನ್ನು ಸರದಿಯಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿದರು. ಬೆಳಗಿನ ಸ್ಟಾರ್ಟಿನಲ್ಲಿ ಬರುತ್ತಿದ್ದ ಟಿಕ್ ಟಿಕ್ ಸದ್ದು ಅಲ್ಲಿಗೆ ನಿಂತಿತು. ಲೋಹ ಬಿಸಿಯಾಗಿ ಹಿಗ್ಗಿದಾಗ ಆ ಸಂದು ತಾನೇ ಮುಚ್ಚಿಕೊಳ್ಳುತ್ತಿದ್ದರಿಂದ ಬಿಸಿ ಗಾಡಿಯಲ್ಲಿ ಅದು ಪತ್ತೆಯಾಗಿರಲಿಲ್ಲ. ಹೊರಗಿನ ಅಳತೆ 91ರಿಂದ 89ಕ್ಕೆ ಬಂತು. ಅಕ್ಕಪಕ್ಕದವರ ದೂರಿಗೆ ನಿಜವಾದ ಮದ್ದು ಹೊಸ ಸೈಲೆನ್ಸರ್ ಮತ್ತು ಈ ಗ್ಯಾಸ್ಕೆಟ್.

ಕಾರಿನ ಅಡಿಯಲ್ಲಿ ಸೋರುವ ಪೈಪು ಬರೀ ಸದ್ದಿನ ವಿಷಯವೂ ಅಲ್ಲ. ಬಣ್ಣ, ವಾಸನೆ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಒಳಗೆ ಸೇರಿಕೊಳ್ಳಬಹುದು. ಸೋರಿಕೆ ಆಕ್ಸಿಜನ್ ಸೆನ್ಸರಿಗಿಂತ ಮೊದಲಿದ್ದರೆ ಹೊರಗಾಳಿಯನ್ನು ಎಳೆದುಕೊಂಡು ಸೆನ್ಸರಿಗೆ ತಪ್ಪು ಲೆಕ್ಕ ಕೊಟ್ಟು ಪೆಟ್ರೋಲ್ ಹೆಚ್ಚು ಕುಡಿಸುತ್ತದೆ. ಇಲ್ಲಿ ಸೆನ್ಸರುಗಳ ಹಿಂದೆ ಇದ್ದದ್ದರಿಂದ ಆ ತೊಂದರೆ ಬರಲಿಲ್ಲ.

ತಾಗುವಿಕೆ ಪತ್ತೆಯಾದದ್ದು ಕಣ್ಣಿನಿಂದ. ತಣ್ಣಗಿದ್ದಾಗ ಪೈಪಿಗೂ ಹಿಂದಿನ ಬ್ರ್ಯಾಕೆಟ್ಟಿಗೂ 10 ಮಿ.ಮೀ. ಅಂತರ ಇತ್ತು, ಸಾಕು ಅನ್ನಿಸುವಂಥದ್ದೇ. ಆದರೆ ಬ್ರ್ಯಾಕೆಟ್ಟಿನ ಅಂಚಿನಲ್ಲಿ ಹೆಬ್ಬೆರಳ ಉಗುರಿನಷ್ಟು ಜಾಗ ಉಜ್ಜಿ ಉಜ್ಜಿ ಮಿರಮಿರ ಮಿಂಚುತ್ತಿತ್ತು. 304 ಸ್ಟೇನ್‌ಲೆಸ್ ಪ್ರತಿ ಮೀಟರಿಗೆ, ಪ್ರತಿ ಡಿಗ್ರಿಗೆ 0.017 ಮಿ.ಮೀ. ಹಿಗ್ಗುತ್ತದೆ. 2.8 ಮೀಟರ್ ಪೈಪು ಸರಾಸರಿ 300 ಡಿಗ್ರಿ ಬಿಸಿಯಾದರೆ 14 ಮಿ.ಮೀ. ಉದ್ದವಾಗುತ್ತದೆ. ಎಂಜಿನ್ ಕಡೆ ಬಿಗಿಯಾಗಿರುವುದರಿಂದ ಅಷ್ಟೂ ಹಿಂದಕ್ಕೇ ಬರಬೇಕು. ಗಟ್ಟಿ ಹ್ಯಾಂಗರ್ ಬಿಟ್ಟುಕೊಡುವುದಿಲ್ಲ, ಕಂಪನವೆಲ್ಲ ಬ್ರ್ಯಾಕೆಟ್ಟಿನ ಮೂಲಕ ಕಾರಿನ ಮೈಗೆ. ಕಂಪನಿಯ ಮೆದು ರಬ್ಬರ್ ಹ್ಯಾಂಗರ್ ವಾಪಸ್ ಹಾಕಿ, ತಣ್ಣಗಿದ್ದಾಗ 20 ಮಿ.ಮೀ. ಅಂತರ ಇರುವಂತೆ ಮುಂದಕ್ಕೆ ಸರಿಸಿದರು. ಸೀಟಿನಡಿ ಬರುತ್ತಿದ್ದ ಝುಂ ಹೋಯಿತು, ಒಳಗಿನ ಮಟ್ಟ 99ರಿಂದ 97 ಡಿಬಿ-ಸಿಗೆ ಬಂತು. ಮೊರೆತ ಉಳಿದೇ ಇತ್ತು.

ಈ ನಡುವೆ ಮಾಲೀಕರು ಯಾರದೋ ಮಾತು ಕೇಳಿ ಫ್ಲೋರಿಗೆ ಡ್ಯಾಂಪಿಂಗ್ ಶೀಟ್ ಅಂಟಿಸಿದ್ದರು. ತಗಡು ಅದುರುವ ಸದ್ದಿಗೆ ಅದು ಒಳ್ಳೆಯ ಮದ್ದು. ಕಾರಿನೊಳಗಿನ ಗಾಳಿಯೇ ಅನುರಣಿಸುವಾಗ ತಗಡಿನ ಮೇಲಿನ ಅಂಟು ಏನೂ ಮಾಡಲಾರದು.

ಆಯ್ಕೆ

ಕಂಪನಿಯ ಸೈಲೆನ್ಸರ್ ಹೊಸದು ತಂದು ಹಾಕುವುದು ಮೊದಲ ದಾರಿ. ಬಹುಪಾಲು ಗಾಡಿಗಳಿಗೆ ಇದೇ ಸರಿಯಾದ ಉತ್ತರ ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಮಾಲೀಕರಿಗೆ ಇದು ಒಪ್ಪಿಗೆಯಾಗಲಿಲ್ಲ. 48 ಮಿ.ಮೀ.ಗೆ ಮರಳಬೇಕಾದರೆ ಇಡೀ ಪೈಪು ಬದಲಿಸಬೇಕಿತ್ತು.

ನಡುವೆ ರೆಸೊನೇಟರ್ (ಒಂದು ಆವರ್ತನದ ಸದ್ದನ್ನು ಗುರಿಯಿಟ್ಟು ತಗ್ಗಿಸುವ ಡಬ್ಬಿ) ಹಾಕೋಣ ಎಂದು ವೆಲ್ಡರ್ ಹೇಳಿದರು. ಇಲ್ಲೊಂದು ಬಲೆ ಇದೆ. ರೆಸೊನೇಟರ್ ಎಂಬ ಹೆಸರಿನಲ್ಲಿ ಮಾರುವ ಎಷ್ಟೋ ಡಬ್ಬಿಗಳ ಒಳಗೆ ಇರುವುದು ಅದೇ ತೂತಿನ ಪೈಪು, ಅದೇ ಗ್ಲಾಸ್ ವುಲ್. ಒಂದು ಕಡೆಯಿಂದ ಇಣುಕಿದರೆ ಇನ್ನೊಂದು ಕಡೆಯ ಬೆಳಕು ನೇರವಾಗಿ ಕಂಡರೆ, ತೂತುಗಳ ಹಿಂದೆ ಎಳೆ ಕಂಡರೆ, ಅದು 80 ಹರ್ಟ್ಸ್‌ಗೆ ಉಪಯೋಗವಿಲ್ಲ. ನಿಜವಾದ ಹೆಲ್ಮ್‌ಹೋಲ್ಟ್ಸ್ ರೆಸೊನೇಟರ್, ಅಂದರೆ ಕುತ್ತಿಗೆಯಿರುವ ಖಾಲಿ ಡಬ್ಬಿ, ಕೆಲಸ ಮಾಡುತ್ತದೆ. ಆದರೆ 50 ಮಿ.ಮೀ. ವ್ಯಾಸ, 100 ಮಿ.ಮೀ. ಪರಿಣಾಮಕಾರಿ ಉದ್ದದ ಕುತ್ತಿಗೆಗೆ 80 ಹರ್ಟ್ಸ್ ಬರಬೇಕಾದರೆ ಡಬ್ಬಿ 12 ಲೀಟರಿಗಿಂತ ದೊಡ್ಡದಿರಬೇಕು. ಈ ಕಾರಿನಡಿ ಅಷ್ಟು ಜಾಗವಿಲ್ಲ. ನೆಲದಿಂದ ಎತ್ತರ ಕಳೆದುಕೊಂಡು ಹಾಕಿದರೆ ಮೊದಲ ಹಂಪ್‌ನಲ್ಲೇ ಜಜ್ಜಿಹೋಗುತ್ತದೆ.

ಉಳಿದದ್ದು ಕಾಲು ಅಲೆಯ ಪೈಪು. ಬಾಗಿದ ಆಕಾರದಿಂದ ಇದಕ್ಕೆ ಜೆ ಪೈಪ್ ಎನ್ನುತ್ತಾರೆ. ಮುಖ್ಯ ಪೈಪಿನಿಂದ ಕವಲೊಡೆದು ತುದಿ ಮುಚ್ಚಿದ ಕೊಳವೆ. ಅಲೆ ಒಳಗೆ ಹೋಗಿ ಮುಚ್ಚಿದ ತುದಿಗೆ ಬಡಿದು ವಾಪಸ್ ಬರುವಷ್ಟರಲ್ಲಿ ಅರ್ಧ ಅಲೆಯಷ್ಟು ತಡವಾಗಿ, ಮುಖ್ಯ ಪೈಪಿನ ಅಲೆಗೆ ಎದುರಾಗಿ ನಿಂತು ಅದನ್ನು ಅಳಿಸುತ್ತದೆ. ಹೊಗೆ ಇದರೊಳಗೆ ಹರಿಯುವುದಿಲ್ಲವಾದ್ದರಿಂದ ಎಂಜಿನ್ನಿನ ಎಳೆತಕ್ಕೆ ಅಡ್ಡಿಯೂ ಇಲ್ಲ. ಉದ್ದದ ಲೆಕ್ಕ ಸುಲಭ: ಸದ್ದಿನ ವೇಗವನ್ನು ಆವರ್ತನದ ನಾಲ್ಕರಷ್ಟರಿಂದ ಭಾಗಿಸಬೇಕು. ಕಷ್ಟ ಇರುವುದು ಆ ವೇಗ ಎಷ್ಟು ಎಂಬುದರಲ್ಲಿ.

ಮೊದಲ ಜೆ ಪೈಪ್ ತಪ್ಪಿದ್ದು, ಎರಡನೆಯದು ಕೂತದ್ದು

ಹೊಗೆಯ ಉಷ್ಣಾಂಶ 350 ಡಿಗ್ರಿ ಎಂದು ಹಿಡಿದು ಲೆಕ್ಕ ಹಾಕಿದರು. ಆ ಶಾಖದಲ್ಲಿ ಸದ್ದಿನ ವೇಗ ಸೆಕೆಂಡಿಗೆ 500 ಮೀಟರ್. ಉದ್ದ 1.56 ಮೀಟರ್ ಬಂತು. ಅಂಗಡಿಯಲ್ಲಿ ಸಿಕ್ಕಿದ 40 ಮಿ.ಮೀ. ಪೈಪಿನಲ್ಲಿ ಮಾಡಿ ಹಾಕಿದರು. 2400ರಲ್ಲಿ ಮೊರೆತ ಇದ್ದ ಹಾಗೇ, 97. ಆದರೆ 1900ರ ಸುತ್ತ ಕಾರು ವಿಚಿತ್ರವಾಗಿ ಮೌನವಾಗಿತ್ತು.

ಇದನ್ನು ಸೋಲೆಂದು ಕಿತ್ತೆಸೆಯದೆ ಅಳತೆಯಾಗಿ ಬಳಸಿಕೊಂಡದ್ದು ಪ್ರಕರಣದ ಅತ್ಯಂತ ಜಾಣ ನಿರ್ಧಾರ. ಆ್ಯಪ್‌ನಲ್ಲಿ ಸದ್ದು ತಳ ಮುಟ್ಟಿದ ಜಾಗ 64 ಹರ್ಟ್ಸ್. ಉದ್ದ ಗೊತ್ತು, ಆವರ್ತನ ಗೊತ್ತು, ಹಾಗಾದರೆ ವೇಗ ಸೆಕೆಂಡಿಗೆ 399 ಮೀಟರ್. ಇದು ಸುಮಾರು 120 ಡಿಗ್ರಿ ಶಾಖದ ಗಾಳಿಗೆ ಹೊಂದುವ ವೇಗ. ಮುಖ್ಯ ಪೈಪಿನಲ್ಲಿ ಹೊಗೆ ಎಷ್ಟೇ ಬಿಸಿಯಿರಲಿ, ಹರಿವೇ ಇಲ್ಲದ ಕವಲಿನೊಳಗೆ ಅನಿಲ ನಿಂತು ತಣ್ಣಗಾಗುತ್ತದೆ, ಹೊರಗಿನ ಗಾಳಿ ಅದನ್ನು ಇನ್ನಷ್ಟು ತಣಿಸುತ್ತದೆ. ಲೆಕ್ಕಕ್ಕೆ ಹಿಡಿಯಬೇಕಾದದ್ದು ಕವಲಿನ ಶಾಖ. 399 ಇಟ್ಟುಕೊಂಡು 80 ಹರ್ಟ್ಸ್‌ಗೆ ಲೆಕ್ಕ ಹಾಕಿದರೆ ಉದ್ದ 1.25 ಮೀಟರ್.

ವ್ಯಾಸದ ಲೆಕ್ಕವೂ ಆಗಲೇ ತಿದ್ದುಪಡಿಯಾಯಿತು. 60ರ ಮುಖ್ಯ ಪೈಪಿಗೆ 40ರ ಕವಲು ಹಾಕಿದರೆ, ಆದರ್ಶ ಲೆಕ್ಕದಲ್ಲಿ, 6 ಡೆಸಿಬೆಲ್‌ಗಿಂತ ಹೆಚ್ಚು ತಗ್ಗುವುದು ಗುರಿಯ ಆಚೀಚೆ ಶೇ. 8ರಷ್ಟು ಪಟ್ಟಿಯಲ್ಲಿ ಮಾತ್ರ, ಅಂದರೆ 2200ರಿಂದ 2600. ಕವಲೂ 60 ಇದ್ದರೆ ಶೇ. 18, ಅಂದರೆ ಹೆಚ್ಚುಕಡಿಮೆ 1970ರಿಂದ 2830. ಮೊರೆತವೇ 2200ರಿಂದ 2600ರವರೆಗೆ ಹರಡಿರುವಾಗ 40ರದು ತೀರ ಬಿಗಿ. ಹವಾಮಾನ, ಹೊರೆ ಬದಲಾದರೂ ಗುರಿ ತಪ್ಪುತ್ತದೆ. ಹಾಗಾಗಿ 60ರ ಕವಲು.

ಹಾಕುವ ಜಾಗವನ್ನೂ ಬದಲಿಸಿದರು. ಪೈಪಿನ ತೆರೆದ ಬಾಯಿಯ ಹತ್ತಿರ ಒತ್ತಡದ ಏರಿಳಿತ ಇರುವುದಿಲ್ಲ, ಅಲ್ಲಿ ಕವಲಿಗೆ ಕೆಲಸವಿಲ್ಲ. ಅರ್ಧ ಅಲೆ ನಿಂತ ಪೈಪಿನಲ್ಲಿ ಏರಿಳಿತ ಹೆಚ್ಚು ನಡುವೆ. ಹಿಂದಿನ ಆಕ್ಸಲ್‌ಗಿಂತ ಮುಂದೆ, ಪೈಪಿನ ಮಧ್ಯಕ್ಕೆ ಆದಷ್ಟು ಹತ್ತಿರದಲ್ಲಿ, ಇಂಧನ ಟ್ಯಾಂಕ್ ಮತ್ತು ಬ್ರೇಕ್ ಹೋಸ್‌ನಿಂದ ದೂರವಿರುವ ಬದಿಯಲ್ಲಿ ಜಾಗ ಗುರುತು ಮಾಡಿದರು.

ಕೆಲಸದಲ್ಲಿ ಎಡವುವ ಜಾಗ ಹಲವು. ಈ ಕಾರಿನಲ್ಲೇ ವೆಲ್ಡರ್ ಮೊದಲು ಮುಖ್ಯ ಪೈಪಿನಲ್ಲಿ 35 ಮಿ.ಮೀ. ತೂತು ಕೊರೆದು ಅದರ ಮೇಲೆ 60ರ ಕವಲನ್ನು ಕೂರಿಸಲು ಹೊರಟಿದ್ದರು. ಹಾಗೆ ಮಾಡಿದ್ದರೆ ಅಗಲ ಕವಲಿನ ಲಾಭವೆಲ್ಲ ಆ ಕಿರುಬಾಯಿಯಲ್ಲೇ ಹೋಗುತ್ತಿತ್ತು, ಶ್ರುತಿಯೂ (ಕವಲು ಅಳಿಸುವ ಆವರ್ತನ) ಕೆಳಗಿಳಿಯುತ್ತಿತ್ತು. ತೂತು ಕವಲಿನ ಒಳವ್ಯಾಸದಷ್ಟೇ, 57 ಮಿ.ಮೀ. ಇರಬೇಕು, ಅಂಚನ್ನು ಫೈಲ್ ಹಿಡಿದು ನುಣುಪು ಮಾಡಬೇಕು. ಚೂಪು ಅಂಚಿನ ಮೇಲೆ ಹೊಗೆ ಹರಿದರೆ ಸಿಳ್ಳೆ ಹುಟ್ಟುತ್ತದೆ. ಪೈಪನ್ನು ಗಾಡಿಯಿಂದ ಪೂರ್ತಿ ಇಳಿಸಿಯೇ ಬೆಸುಗೆ ಹಾಕಿದರು. ಟ್ಯಾಂಕಿನ ಪಕ್ಕದಲ್ಲಿ ಕಿಡಿ ಹಾರಿಸುವ ಮಾತೇ ಬೇಡ. 304ಕ್ಕೆ 308 ಎಲ್ ತಂತಿಯ ಟಿಗ್ ವೆಲ್ಡಿಂಗ್ (ಆರ್ಗಾನ್ ಅನಿಲದ ರಕ್ಷಣೆಯಲ್ಲಿ ಹಾಕುವ ಬೆಸುಗೆ), ಒಳಗಡೆಯೂ ಆರ್ಗಾನ್ ತುಂಬಿ. ಒಳಗೆ ಆರ್ಗಾನ್ ಇಲ್ಲದಿದ್ದರೆ ಬೆಸುಗೆಯ ಹಿಂಬದಿ ಕರಕಲಾಗಿ ಅಲ್ಲಿಂದಲೇ ತುಕ್ಕು ಶುರುವಾಗುತ್ತದೆ.

1.25 ಮೀಟರ್ ಕವಲಿನ ತೂಕ ಸುಮಾರು 2.8 ಕೆ.ಜಿ. ಅದನ್ನು ಬೆಸುಗೆಯೊಂದರ ಮೇಲೆ ನೇತುಹಾಕಿದರೆ ಕೆಲವೇ ತಿಂಗಳಲ್ಲಿ ಬುಡದಲ್ಲಿ ಬಿರುಕು ಬಿಡುತ್ತದೆ. ಮುಚ್ಚಿದ ತುದಿಗೆ ಬೇರೆ ರಬ್ಬರ್ ಹ್ಯಾಂಗರ್ ಕೊಟ್ಟರು. ತುದಿ ಬುಡಕ್ಕಿಂತ ಸ್ವಲ್ಪ ಎತ್ತರದಲ್ಲಿದೆ. ಹೊಗೆಯಲ್ಲಿರುವ ನೀರು ಕವಲಿನೊಳಗೆ ತಣಿದು ಹನಿಯುತ್ತದೆ, ಅದು ಮುಖ್ಯ ಪೈಪಿಗೆ ಹರಿದು ಹೋಗಬೇಕು. ತುದಿ ಕೆಳಗಿದ್ದರೆ ಆಮ್ಲ ಸೇರಿದ ನೀರು ಅಲ್ಲೇ ನಿಂತು ಲೋಹ ತಿನ್ನುತ್ತದೆ. ನೀರು ನಿಂತಷ್ಟು ಉದ್ದ ಕಡಿಮೆಯಾಗಿ ಶ್ರುತಿಯೂ ತಪ್ಪುತ್ತದೆ.

ತುದಿಯನ್ನು ಮೊದಲೇ ಬೆಸೆಯಲಿಲ್ಲ. ಕ್ಲ್ಯಾಂಪ್ ಹಾಕಿದ, ಆಚೀಚೆ 60 ಮಿ.ಮೀ. ಸರಿಯುವ ಮುಚ್ಚಳ ಇಟ್ಟು ರಸ್ತೆಗೆ ಇಳಿಸಿದರು. 10 ಮಿ.ಮೀ. ಸರಿಸಿದರೆ ಗುರಿ ಸುಮಾರು 20 ಆರ್‌ಪಿಎಂ ಬದಲಾಗುತ್ತದೆ. ಅರ್ಧ ಗಂಟೆ ಓಡಿಸಿ ಬಿಸಿ ಮಾಡಿದ ಮೇಲೆ ಅಳೆಯುವುದು, ಸರಿಸುವುದು, ಮತ್ತೆ ಅಳೆಯುವುದು. 1.24 ಮೀಟರಿನಲ್ಲಿ ಚೆನ್ನಾಗಿ ಕೂತಿತು. ಆಮೇಲೆಯೇ ಬೆಸುಗೆ.

ಫಲಿತಾಂಶ

ಹಿಂದಿನ ಸೀಟಿನಲ್ಲಿ 2400 ಆರ್‌ಪಿಎಂಗೆ 97 ಇದ್ದದ್ದು 89 ಡಿಬಿ-ಸಿ. ಡಿಬಿ-ಎ ಲೆಕ್ಕದಲ್ಲಿ 70. ಉಳಿದದ್ದರಲ್ಲಿ ದೊಡ್ಡ ಪಾಲು ರಸ್ತೆ, ಟೈರಿನದು. ಮುಂದೆ ಕೂತವರು ಹಿಂದಿನವರೊಂದಿಗೆ ದನಿ ಏರಿಸದೆ ಮಾತಾಡುವ ಹಾಗಾಯಿತು. ಹೊರಗಿನ ಅಳತೆಯಲ್ಲಿ ಜೆ ಪೈಪಿನಿಂದ ಹೇಳಿಕೊಳ್ಳುವಂಥ ಬದಲಾವಣೆ ಇಲ್ಲ, 89 ಡಿಬಿ-ಎ ಹಾಗೇ ಉಳಿಯಿತು. ಆ ಅಂಕೆ ಕಾರಿಗೆ ನೋಂದಾಯಿಸಿದ ಮಿತಿಯೊಳಗಿದೆಯೇ ಎಂದು ಬೇರೆಯಾಗಿಯೇ ನೋಡಬೇಕು. ಒಳಗಿನ ನೆಮ್ಮದಿ ಕಾನೂನಿಗೆ ಉತ್ತರವಲ್ಲ.

ಸ್ಟಾರ್ಟ್ ಮಾಡಿ ಹೊರಟ ಮೊದಲ ಕೆಲವು ನಿಮಿಷ ಮೊರೆತ ಈಗಲೂ ಇದೆ. ಕವಲು ತಣ್ಣಗಿರುವಾಗ ಅದರ ಶ್ರುತಿ 70 ಹರ್ಟ್ಸ್‌ನ ಹತ್ತಿರ ಇರುತ್ತದೆ, ಬಿಸಿಯಾದ ಮೇಲೆಯೇ 80ಕ್ಕೆ ಏರುವುದು. ಮಾಲೀಕರಿಗೆ ಇದನ್ನು ಮೊದಲೇ ಹೇಳಿದ್ದರಿಂದ ಮತ್ತೆ ದೂರು ಬರಲಿಲ್ಲ. 3300ರ ಸುತ್ತ ಇನ್ನೊಂದು ಸಣ್ಣ ಮೊರೆತ ಕಾಣಿಸಿಕೊಂಡಿತು. ಆ ವೇಗದಲ್ಲಿ ಯಾರೂ ನಿಲ್ಲುವುದಿಲ್ಲ, ದಾಟಿಹೋಗುತ್ತಾರೆ. ಅದನ್ನು ಬಿಟ್ಟುಬಿಡಲಾಯಿತು, ಬಿಟ್ಟದ್ದೇ ಸರಿ. ಕ್ಲ್ಯಾಂಪು, ಫ್ಲೇಂಜಿನ ಬೋಲ್ಟುಗಳನ್ನು ನಾಲ್ಕಾರು ಸಲ ಬಿಸಿಯಾಗಿ ತಣಿದ ಮೇಲೆ ಮತ್ತೊಮ್ಮೆ ಬಿಗಿದರು. ಹ್ಯಾಂಗರ್ ರಬ್ಬರ್ ಬಿರಿದಿದೆಯೇ ಎಂದು ಪ್ರತಿ ಸರ್ವಿಸ್‌ನಲ್ಲಿ ನೋಡುತ್ತಿದ್ದಾರೆ.

ಬೇರೆ ಗಾಡಿಗೆ ಅನ್ವಯಿಸುವಾಗ

ಇಲ್ಲಿನ 1.24 ಮೀಟರ್ ಯಾರಿಗೂ ನಕಲು ಮಾಡುವ ಅಂಕೆಯಲ್ಲ. ಬೇರೆ ಕಾರಿಗೆ ಒಯ್ಯಬಹುದಾದದ್ದು ಕೆಲಸದ ಕ್ರಮ: ಮೊದಲು ಸೋರಿಕೆ, ಆಮೇಲೆ ತಾಗುವಿಕೆ, ಆಮೇಲೆ ಡಿಬಿ-ಎ ಮತ್ತು ಡಿಬಿ-ಸಿ ಎರಡರಲ್ಲೂ ಅಳತೆ, ಆರ್‌ಪಿಎಂನಿಂದ ಆವರ್ತನದ ಲೆಕ್ಕ. ಸಾಮಾನು ಕೊಳ್ಳುವುದು ಅದಾದ ಮೇಲೆ. ಅಗ್ಗದ ಪೈಪಿನಲ್ಲಿ ಸರಿಯುವ ಮುಚ್ಚಳದ ಪರೀಕ್ಷಾ ಕವಲು ಒಂದನ್ನು ಮೊದಲು ಮಾಡಿಕೊಂಡರೆ ಶಾಖದ ಊಹೆಯೇ ಬೇಕಾಗುವುದಿಲ್ಲ.

ಸಿಲಿಂಡರುಗಳ ಸಂಖ್ಯೆ ಬದಲಾದರೆ ಲೆಕ್ಕವೂ ಬದಲಾಗುತ್ತದೆ. ಆರು ಸಿಲಿಂಡರಿನ ಎಂಜಿನ್ ಅದೇ 2400ರಲ್ಲಿ 120 ಹರ್ಟ್ಸ್ ಕೊಡುತ್ತದೆ, ಅದಕ್ಕೆ 83 ಸೆಂ.ಮೀ. ಕವಲು ಸಾಕು, ಎಲ್ಲಾದರೂ ಹಿಡಿಸುತ್ತದೆ. ಮೂರು ಸಿಲಿಂಡರಿನದು 60 ಹರ್ಟ್ಸ್. ಅದಕ್ಕೆ 1.66 ಮೀಟರ್ ಬೇಕು, ಆದರೆ ಮೂರು ಸಿಲಿಂಡರ್ ಇರುವುದು ಸಾಮಾನ್ಯವಾಗಿ ಚಿಕ್ಕ ಕಾರುಗಳಲ್ಲೇ, ಅಡಿಯಲ್ಲಿ ಅಷ್ಟು ಜಾಗ ಸಿಗುವುದಿಲ್ಲ. ಅಂಥ ಗಾಡಿಗೆ ಕಂಪನಿಯ ನಡು ಸೈಲೆನ್ಸರನ್ನೇ ಮರಳಿ ಹಾಕಿಸುವುದು ಲೇಸು. ಅದಕ್ಕಾಗಿಯಾದರೂ ಬಿಚ್ಚಿದ ಹಳೇ ಸೈಲೆನ್ಸರನ್ನು ಗುಜರಿಗೆ ಹಾಕದೆ ಮನೆಯಲ್ಲಿ ಇಟ್ಟುಕೊಂಡಿರಬೇಕು.